ಭಾನುವಾರ 1 ಗಂಟೆಗೆ ಬಾಳೆಲೆ ಊಟ: ಎಂಟು ಜನಕ್ಕೆ, ಮನೆ ಗ್ಯಾಸ್ ಒಲೆ ಮೇಲೆ, ಹಂತ ಹಂತವಾಗಿ

ಒಂದೊಂದು ಐಟಂದೂ ರೆಸಿಪಿ ಗೊತ್ತು, ಆದ್ರೂ ಊಟ ಆಗೋದು ಮಾತ್ರ 3 ಗಂಟೆಗೆ ಅನ್ನೋ ಕಂಪ್ಲೇಂಟು ಸುಮಾರು ಜನದ್ದು. ಮಜ್ಜಿಗೆ ಹುಳಿ ಒಡೆದು ಹೋಯ್ತು, ಕೋಸಂಬರಿ ನೀರು ಬಿಟ್ಕೊಂಡಿತ್ತು, ಆಂಬೊಡೆ ಆರಿ ಕಲ್ಲಾಗಿತ್ತು, ಎಲೆ ಹಾಕಿದ್ಮೇಲೆ ನೋಡಿದ್ರೆ ಅನ್ನಾನೇ ಇಟ್ಟಿರ್ಲಿಲ್ಲ. ರೆಸಿಪಿ ಸರಿ ಇರ್ಲಿಲ್ಲ ಬಿಡಿ ಅಂತಾರೆ, ಆದ್ರೆ ರೆಸಿಪಿ ಸರಿಯಾಗೇ ಇರುತ್ತೆ, ಸರದಿ ತಪ್ಪಿರುತ್ತೆ ಅಷ್ಟೇ. ಎಲೆ ಮೇಲೆ ಮೊದಲು ಬರೋದು ಕೋಸಂಬರಿ ಅಂತ ಬೆಳಗ್ಗೆ ಎದ್ದು ಅದನ್ನೇ ಮೊದಲು ಕಲಸಿಟ್ರೆ ಮಧ್ಯಾಹ್ನ ಅದು ಸೌತೆಕಾಯಿ ಸಾರಾಗಿರುತ್ತೆ.

ಹಾಗಾಗಿ ಪ್ರತಿ ಐಟಂಗೂ ಕೇಳ್ಕೋಬೇಕಾಗಿರೋ ಪ್ರಶ್ನೆ ಒಂದೇ, ಇದು ಮಾಡಿಟ್ಮೇಲೆ ಎಷ್ಟೊತ್ತು ಕಾಯುತ್ತೆ? ಗೊಜ್ಜು ಒಂದು ರಾತ್ರಿ ಕಾಯುತ್ತೆ, ಕಾದಷ್ಟೂ ರುಚಿ. ಪಾಯಸ, ಹುಳಿ, ಸಾರು ಎರಡು ಮೂರು ಗಂಟೆ ಕಾಯ್ತವೆ. ಪಲ್ಯ, ಚಿತ್ರಾನ್ನ ಒಂದು ಗಂಟೆ. ಆಂಬೊಡೆ, ಕೋಸಂಬರಿ, ಬಿಸಿ ಅನ್ನ ಇವು ಕಾಯೋದೇ ಇಲ್ಲ. ಕಾಯೋದನ್ನ ಮೊದಲು ಮುಗಿಸಿ, ಕಾಯದೇ ಇರೋದಕ್ಕೆ ಕೊನೇ 45 ನಿಮಿಷ ಒಲೆ ಖಾಲಿ ಇಟ್ಕೊಳ್ಳಿ.

ಇಲ್ಲಿರೋದು ನಮ್ಮ ಹಳೇ ಮೈಸೂರು ಕಡೆ ಊಟ, ಈರುಳ್ಳಿ ಬೆಳ್ಳುಳ್ಳಿ ಇಲ್ಲ: ಹೆಸರುಬೇಳೆ ಕೋಸಂಬರಿ, ಹುರುಳಿಕಾಯಿ ಪಲ್ಯ, ಅನಾನಸ್ ಗೊಜ್ಜು, ನಿಂಬೆಹಣ್ಣಿನ ಚಿತ್ರಾನ್ನ, ಆಂಬೊಡೆ, ಹಪ್ಪಳ ಸಂಡಿಗೆ, ತೊವ್ವೆ, ಹುಳಿ, ಸಾರು, ಮಜ್ಜಿಗೆ ಹುಳಿ, ಹೆಸರುಬೇಳೆ ಪಾಯಸ, ಅನ್ನ, ಮೊಸರು. ಮೊದಲನೇ ಸಲ ಒಬ್ರೇ ಮಾಡ್ತಿದ್ರೆ ಮಜ್ಜಿಗೆ ಹುಳಿ ಬಿಟ್ಬಿಡಿ, ಯಾರೂ ಕೇಳಲ್ಲ. ಆದ್ರೆ ಆಂಬೊಡೆ ಬಿಡ್ಬೇಡಿ, ಎಲ್ರೂ ಕೇಳ್ತಾರೆ.

## 1. ಬೇಕಾಗೋ ಪಾತ್ರೆ ಪಗಡೆ

5 ಲೀಟರ್ ಕುಕ್ಕರ್ ಒಂದು, 3 ಲೀಟರ್‌ದು ಒಂದು. ದಪ್ಪ ತಳದ ಬಾಣಲೆ ಎರಡು, ಒಂದು ಕರಿಯಕ್ಕೆ, ಒಂದು ಪಲ್ಯ ಚಿತ್ರಾನ್ನಕ್ಕೆ. ಹುಳಿಗೆ, ಸಾರಿಗೆ, ಮಜ್ಜಿಗೆ ಹುಳಿಗೆ, ಪಾಯಸಕ್ಕೆ ಬೇರೆ ಬೇರೆ ಸ್ಟೀಲ್ ಪಾತ್ರೆ, ಎಲ್ಲಾದಕ್ಕೂ ಮುಚ್ಚಳ. ಅಜ್ಜಿ ಕಾಲದ ಹಿತ್ತಾಳೆ ಪಾತ್ರೆ ಚೆನ್ನಾಗಿ ಕಾಣುತ್ತೆ ಅಂತ ತೆಗೀಬೇಡಿ, ಕಲಾಯಿ ಹೋಗಿದ್ರೆ ಅದ್ರಲ್ಲಿ ಹುಣಸೆಹುಳಿ ಕುದಿಸಬಾರದು.

ಮಿಕ್ಸಿಗೆ ದೊಡ್ಡ ಜಾರು, ಚಿಕ್ಕ ಜಾರು ಎರಡೂ ಬೇಕು. ತುರಿಮಣೆ, ಒಗ್ಗರಣೆ ಸೌಟು, ಕರಿಯೋ ಜಾಲರಿ ಸೌಟು, ಅನ್ನ ಹರಡಕ್ಕೆ ಅಗಲ ತಟ್ಟೆ, ಗಟ್ಟಿಯಾಗಿ ಮುಚ್ಚೋ ಸ್ಟೀಲ್ ಡಬ್ಬಿ ಒಂದು (ಹಪ್ಪಳಕ್ಕೆ, ಇದು ಇಲ್ದೇ ಇದ್ರೆ ಮಳೆಗಾಲದಲ್ಲಿ ಕಷ್ಟ).

ಶುಕ್ರವಾರಾನೇ ಸಿಲಿಂಡರ್ ಎತ್ತಿ ನೋಡಿ. ಕುಕ್ಕರ್ ಗ್ಯಾಸ್ಕೆಟ್ ಸಡಿಲ ಆಗಿದ್ರೆ ಹೊಸದು ತಂದಿಡಿ, ಭಾನುವಾರ ಬೆಳಗ್ಗೆ ಕುಕ್ಕರ್ ಪಕ್ಕದಿಂದ ಪುಸ್ ಅಂತ ಹಬೆ ಬರ್ತಾ ಕೂತ್ರೆ ಆ ದಿನದ ಲೆಕ್ಕ ಎಲ್ಲಾ ಅಲ್ಲೇ ಕೆಡುತ್ತೆ.

## 2. ಸಾಮಾನು

ತೊಗರಿಬೇಳೆ 2 ಕಪ್ (ಸುಮಾರು 400 ಗ್ರಾಂ), ಅಕ್ಕಿ ನಾಲ್ಕೂವರೆ ಕಪ್ (ಅನ್ನಕ್ಕೆ 3, ಚಿತ್ರಾನ್ನಕ್ಕೆ ಒಂದೂವರೆ), ಹೆಸರುಬೇಳೆ ಒಂದೂಮುಕ್ಕಾಲು ಕಪ್ (ಪಾಯಸಕ್ಕೆ 1, ಕೋಸಂಬರಿಗೆ ಮುಕ್ಕಾಲು), ಕಡ್ಲೆಬೇಳೆ ಒಂದೂವರೆ ಕಪ್. ತೆಂಗಿನಕಾಯಿ ಎರಡೂವರೆ ಸಾಕು, ಆದ್ರೆ ಮೂರು ತನ್ನಿ, ಒಂದು ಕೊಳೆತಿರೋ ಸಾಧ್ಯತೆ ಯಾವಾಗ್ಲೂ ಇದ್ದೇ ಇರುತ್ತೆ. ಹಾಲು 2 ಲೀಟರ್, ಒಂದೂವರೆ ಲೀಟರ್ ಹೆಪ್ಪಿಗೆ, ಉಳಿದಿದ್ದು ಪಾಯಸಕ್ಕೆ, ಕಾಫಿಗೆ.

ತರಕಾರಿ: ಹುರುಳಿಕಾಯಿ ಅರ್ಧ ಕೆಜಿ, ಹುಳಿಗೆ ಸೀಮೆಬದನೆ ಎರಡು, ನುಗ್ಗೆಕಾಯಿ ಎರಡು, ಮಜ್ಜಿಗೆ ಹುಳಿಗೆ ಬೂದುಗುಂಬಳ ಅರ್ಧ ಕೆಜಿ, ಎಳೇ ಸೌತೆಕಾಯಿ ಎರಡು, ಅನಾನಸ್ ಒಂದು, ಟೊಮ್ಯಾಟೊ ಮೂರು, ನಿಂಬೆಹಣ್ಣು ನಾಲ್ಕು, ಸಬ್ಬಸಿಗೆ ಸೊಪ್ಪು ಒಂದು ಕಟ್ಟು. ಕರಿಬೇವು, ಕೊತ್ತಂಬರಿ ಸೊಪ್ಪು ಯಾವಾಗ್ಲೂ ತರೋದಕ್ಕಿಂತ ಡಬಲ್. ತೊಗರಿಬೇಳೆ ಡಬ್ಬಿ ತಳದಲ್ಲಿ ಎಷ್ಟೋ ತಿಂಗಳಿಂದ ಇರೋದಾದ್ರೆ ಬೇಡ, ಹಳೇ ಬೇಳೆ ಎಷ್ಟು ವಿಸಿಲ್ ಕೂಗಿದ್ರೂ ಕಾಳು ಕಾಳಾಗೇ ಉಳಿಯುತ್ತೆ.

## 3. ಶನಿವಾರ ಸಂಜೆ: ಗೊಜ್ಜು, ಪುಡಿ, ಹೆಪ್ಪು

ಅನಾನಸ್ ಗೊಜ್ಜು ಇವತ್ತೇ ಮುಗಿಸ್ಬಿಡಿ. ಬಾಣಲೇಲಿ ಒಂದು ಚಮಚ ಎಣ್ಣೆ ಹಾಕಿ ಕಡ್ಲೆಬೇಳೆ, ಉದ್ದಿನಬೇಳೆ ಒಂದೊಂದು ಚಮಚ, ಮೆಂತ್ಯ ಕಾಲು ಚಮಚ, ಬ್ಯಾಡಗಿ ಮೆಣಸಿನಕಾಯಿ ಆರು ಹುರೀರಿ, ಕೊನೇಗೆ ಒಂದು ದೊಡ್ಡ ಚಮಚ ಎಳ್ಳು ಹಾಕಿ ಚಟಪಟ ಅಂದ ತಕ್ಷಣ ಒಲೆ ಆಫ್. ಎಳ್ಳು ಮೊದಲೇ ಹಾಕಿದ್ರೆ ಬೇಳೆ ಕೆಂಪಾಗೋ ಹೊತ್ತಿಗೆ ಅದು ಕಪ್ಪಾಗಿರುತ್ತೆ. ಮೆಂತ್ಯದ ಮೇಲೂ ಕಣ್ಣಿರ್ಲಿ, ತಿಳಿ ಕೆಂಪಿಗೆ ನಿಲ್ಲಿಸಿ, ಕಂದು ಬಣ್ಣಕ್ಕೆ ಹೋದ್ರೆ ಇಡೀ ಗೊಜ್ಜು ಕಹಿ, ಆಮೇಲೆ ಎಷ್ಟು ಬೆಲ್ಲ ಸುರಿದ್ರೂ ಹೋಗಲ್ಲ. ಇದಕ್ಕೆ ಎರಡು ಚಮಚ ಒಣ ಕೊಬ್ಬರಿ ತುರಿ ಸೇರಿಸಿ ರುಬ್ಬಿ. ಹಸಿ ಕಾಯಿ ಬೇಡ, ನಾಳೆ ತನಕ ಇರ್ಬೇಕಲ್ಲ.

ಅನಾನಸ್ ಹೋಳುಗಳಿಗೆ ಸ್ವಲ್ಪ ನೀರು, ಅರಿಶಿನ, ಉಪ್ಪು ಹಾಕಿ ಮೊದಲು ಮೆತ್ತಗೆ ಬೇಯಿಸಿ, ಆಮೇಲೇ ಹುಣಸೆರಸ, ಬೆಲ್ಲ, ರುಬ್ಬಿದ್ದು. ಅಂಚಲ್ಲಿ ಎಣ್ಣೆ ಬಿಡೋ ತನಕ ಕುದೀಲಿ. ಆರಿದ್ಮೇಲೆ ಫ್ರಿಜ್ಜಿಗಿಟ್ಟು ಬೆಳಗ್ಗೆ ಹೊರಗೆ ತೆಗೀರಿ.

ಹುಳಿಪುಡಿ, ಸಾರಿನಪುಡಿ ಮನೇಲಿ ಇಲ್ಲ ಅಂದ್ರೆ ಇವತ್ತೇ ಮಾಡಿ ಅಥವಾ ಅಂಗಡಿದು ತಂದಿಡಿ, ಭಾನುವಾರ ಬೆಳಗ್ಗೆ ಧನಿಯ ಹುರೀತಾ ನಿಂತ್ರೆ ಮುಗೀತು ಕಥೆ. ಹುರುಳಿಕಾಯಿ ತೊಳೆದು, ಪೂರ್ತಿ ಒರೆಸಿ, ಸಣ್ಣಗೆ ಹೆಚ್ಚಿ ಡಬ್ಬೀಲಿ ಹಾಕಿಡಿ. ಒದ್ದೆ ಇದ್ರೆ ಲೋಳೆ ಬರುತ್ತೆ.

ರಾತ್ರಿ ಹಾಲು ಉಗುರು ಬೆಚ್ಚಗೆ ಇದ್ದಾಗ ಹೆಪ್ಪು ಹಾಕಿ. ಚಳಿಗಾಲದಲ್ಲಿ ಪಾತ್ರೆಗೆ ಟವಲ್ ಸುತ್ತಿ ಆಫ್ ಆಗಿರೋ ಓವನ್ ಒಳಗಿಡಿ. ಮಜ್ಜಿಗೆ ಹುಳಿಗೆ ಸ್ವಲ್ಪ ಹುಳಿ ಬಂದ ಮೊಸರೇ ಒಳ್ಳೇದು, ಹಾಗಾಗಿ ಅದರ ಪಾಲು ಬೆಳಗ್ಗೆ ಫ್ರಿಜ್ಜಿಗೆ ಹಾಕ್ಬೇಡಿ, ಹೊರಗೇ ಇರ್ಲಿ.

## 4. ಭಾನುವಾರ 8ರಿಂದ 9:15: ಒಲೆ ಹಚ್ಚೋ ಮುಂಚೆ

ತಿಂಡಿಗೆ ಅವಲಕ್ಕಿನೋ ಬ್ರೆಡ್ಡೋ ಮುಗಿಸಿ. ಇವತ್ತು ದೋಸೆ ಹಾಕಕ್ಕೆ ಮಾತ್ರ ಹೋಗ್ಬೇಡಿ.

ಹುಣಸೆಹಣ್ಣು ದೊಡ್ಡ ನಿಂಬೆಹಣ್ಣಿನ ಗಾತ್ರದ್ದು ಬಿಸಿನೀರಿಗೆ ಹಾಕಿ. ಮೊದಲ ಸಲ ಕಿವುಚಿದ ಗಟ್ಟಿ ರಸ ಹುಳಿಗೆ, ಅದೇ ಹಣ್ಣಿಗೆ ಮತ್ತೆ ನೀರು ಹಾಕಿ ಕಿವುಚಿದ ತೆಳು ರಸ ಸಾರಿಗೆ.

ಕಾಯಿ ಎಲ್ಲಾ ಒಂದೇ ಸಲ ತುರಿದುಬಿಡಿ, ಒಡೆದ ತಕ್ಷಣ ಪ್ರತಿ ಹೋಳನ್ನೂ ಮೂಸಿ ನೋಡಿ. ತುರಿದಿದ್ದನ್ನ ಪಾಲು ಮಾಡಿಡಿ: ಪಾಯಸಕ್ಕೆ 1 ಕಪ್, ಮಜ್ಜಿಗೆ ಹುಳಿಗೆ 1, ಹುಳಿಗೆ ಮುಕ್ಕಾಲು, ಉಳಿದಿದ್ದು ಪಲ್ಯ, ಕೋಸಂಬರಿ, ಚಿತ್ರಾನ್ನಕ್ಕೆ. ಪಾಲು ಮಾಡ್ದೇ ಇದ್ರೆ ಮೊದಲನೇ ಎರಡು ಐಟಂಗೆ ಧಾರಾಳ ಆಗಿ ಕೊನೇದಕ್ಕೆ ಬರೀ ಚಿಪ್ಪು.

ತರಕಾರಿ ಎಲ್ಲಾ ಹೆಚ್ಚಿಡಿ, ಸೌತೆಕಾಯಿ ಮಾತ್ರ ಬಿಟ್ಟು. ಆಂಬೊಡೆಗೆ ಕಡ್ಲೆಬೇಳೆ 9:30ಕ್ಕೆ ನೆನೆಹಾಕಿದ್ರೆ ಸಾಕು, ಎರಡರಿಂದ ಎರಡೂವರೆ ಗಂಟೆ ಅಷ್ಟೇ. ರಾತ್ರಿ ಇಡೀ ನೆನೆದ ಬೇಳೆ ನೀರು ಕುಡಿದು ಉಬ್ಬಿರುತ್ತೆ, ಹಿಟ್ಟು ಸಡಿಲ ಆಗುತ್ತೆ, ಎಣ್ಣೆ ಎಳೆಯುತ್ತೆ.

## 5. 9:15ರಿಂದ 10: ಬೇಳೆ ಒಂದೇ ಸಲ, ಪಾಲು ಮೂರು

ತೊವ್ವೆಗೆ, ಹುಳಿಗೆ, ಸಾರಿಗೆ ಬೇರೆ ಬೇರೆ ಬೇಳೆ ಬೇಯಿಸೋರನ್ನ ನೋಡಿದ್ರೆ ಪಾಪ ಅನ್ಸುತ್ತೆ. 2 ಕಪ್ ತೊಗರಿಬೇಳೆಗೆ 7 ಕಪ್ ನೀರು, ಅರಿಶಿನ, ಒಂದು ಚಮಚ ಎಣ್ಣೆ. ಎಣ್ಣೆ ಹಾಕಿದ್ರೆ ನೊರೆ ಉಕ್ಕಿ ವಿಸಿಲ್ ತೂತಿಗೆ ಹೋಗಲ್ಲ. ಬೇಳೆ ಬೇಯಿಸುವಾಗ ಕುಕ್ಕರ್ ಅರ್ಧಕ್ಕಿಂತ ಜಾಸ್ತಿ ತುಂಬಬಾರದು, ಈ ಅಳತೆ 5 ಲೀಟರ್‌ನಲ್ಲಿ ಸರಿಯಾಗಿ ಅರ್ಧದ ಒಳಗೆ ಬರುತ್ತೆ. ನಾಲ್ಕು ವಿಸಿಲ್, ಆಮೇಲೆ ಸಣ್ಣ ಉರೀಲಿ ಐದು ನಿಮಿಷ. ಹಬೆ ತಾನಾಗೇ ಇಳೀಲಿ, ವೆಯ್ಟ್ ಎತ್ತಿ ಬಿಡ್ಬೇಡಿ, ಬೇಳೆ ನೀರು ಗೋಡೆ ತುಂಬಾ ಹಾರುತ್ತೆ.

ಮುಚ್ಚಳ ತೆಗೆದು ಐದು ನಿಮಿಷ ಅಲ್ಲಾಡಿಸ್ದೇ ಬಿಡಿ. ಬೇಳೆ ತಳಕ್ಕೆ ಕೂತು ಮೇಲೆ ಹಳದಿ ತಿಳಿ ನಿಲ್ಲುತ್ತೆ, ಅದೇ ಕಟ್ಟು. ಸೌಟಲ್ಲಿ ಮೆಲ್ಲಗೆ ಮೂರು ಕಪ್ ಬಗ್ಗಿಸ್ಕೊಳ್ಳಿ, ಅದು ಸಾರಿಗೆ. ಉಳಿದ ಬೇಳೆ ಮಸೆದು ಮೂರರಲ್ಲಿ ಒಂದು ಪಾಲು ತೊವ್ವೆಗೆ, ಎರಡು ಪಾಲು ಹುಳಿಗೆ. ಉಪ್ಪು ಪಾಲು ಮಾಡಿದ್ಮೇಲೆ ಆಯಾ ಪಾತ್ರೆಗೆ ಹಾಕಿ. ಕುಕ್ಕರ್‌ಗೆ ಒಂದ್ಸಲ ಹಾಕಿದ್ದನ್ನ ಮರೆತು ಆಮೇಲೆ ಹುಳಿಗೂ ಹಾಕೋದು ತುಂಬಾ ಕಾಮನ್.

ತೊವ್ವೆಗೆ ಬೇರೇನೂ ಬೇಡ, ಉಪ್ಪು, ಶುಂಠಿ, ಹಸಿಮೆಣಸಿನಕಾಯಿ, ತುಪ್ಪದಲ್ಲಿ ಸಾಸಿವೆ ಇಂಗು ಕರಿಬೇವಿನ ಒಗ್ಗರಣೆ. ಅಲ್ಲಿಗೆ ಒಂದು ಐಟಂ ಮುಗೀತು.

ಪಕ್ಕದ ಒಲೇಲಿ ಚಿಕ್ಕ ಕುಕ್ಕರ್: ಪಾಯಸದ ಹೆಸರುಬೇಳೆ ಘಮ ಬರೋ ತನಕ ಹುರಿದು, 3 ಕಪ್ ನೀರಲ್ಲಿ ಬೇಯಿಸಿ.

## 6. ರುಬ್ಬೋ ಸರದಿ

ಮಿಕ್ಸಿ ಕೆಲಸ ಎಲ್ಲಾ 10 ಗಂಟೆಗೇ ಒಟ್ಟಿಗೆ ಮುಗಿಸಿ, ಕರೆಂಟು ಹೋಗೋದು ಸರಿಯಾಗಿ ಹನ್ನೊಂದೂವರೆಗೇ. ಮೊದಲು ಪಾಯಸದ ಕಾಯಿ, ಆಮೇಲೆ ಮಜ್ಜಿಗೆ ಹುಳಿದು, ಕೊನೇಗೆ ಹುಳಿದು. ಖಾರ ಇಲ್ದಿದ್ದರಿಂದ ಖಾರದ ಕಡೆಗೆ ಹೋದ್ರೆ ಮಧ್ಯ ಮಧ್ಯ ಜಾರು ತೊಳೆಯೋ ಕೆಲಸ ಇಲ್ಲ, ಕೊನೇಗೆ ತೊಳೆದ ನೀರೂ ಹುಳಿಗೇ ಹೋಗುತ್ತೆ.

ಮಜ್ಜಿಗೆ ಹುಳಿಗೆ: ಆಂಬೊಡೆಗೆ ನೆನೆಸಿರೋ ಕಡ್ಲೆಬೇಳೇಲೇ ಎರಡು ದೊಡ್ಡ ಚಮಚ, ಕಾಯಿ, ಐದಾರು ಹಸಿಮೆಣಸಿನಕಾಯಿ, ಶುಂಠಿ, ಜೀರಿಗೆ, ಒಂದು ಚಮಚ ಧನಿಯ, ಸ್ವಲ್ಪ ಕೊತ್ತಂಬರಿ ಸೊಪ್ಪು. ಬೇಳೆ ನುಣ್ಣಗಾಗ್ಬೇಕು. ಹುಳಿಗೆ: ಕಾಯಿ ಮುಕ್ಕಾಲು ಕಪ್, ಹುಳಿಪುಡಿ ಮೂರು ದೊಡ್ಡ ಚಮಚ. ಆಂಬೊಡೆ ಬೇಳೆ ಈಗ ಬೇಡ, ಅದಿನ್ನೂ ನೆನೀಬೇಕು (ಕರೆಂಟಿನ ಭಯ ಇದ್ರೆ 9 ಗಂಟೆಗೇ ನೆನೆಹಾಕಿ ಹನ್ನೊಂದಕ್ಕೆ ರುಬ್ಬಿ ಫ್ರಿಜ್ಜಲ್ಲಿಡಿ, ಉಪ್ಪು ಹಾಕ್ಬೇಡಿ).

## 7. 10:15ರಿಂದ 11:30: ಪಾಯಸ, ಹುಳಿ, ಸಾರು

ಪಾಯಸ. ಹೆಸರುಬೇಳೆ ಬೆರಳಲ್ಲಿ ಒತ್ತಿದ್ರೆ ಪೂರ್ತಿ ಕರಗ್ಬೇಕು, ಆಮೇಲೇ ಬೆಲ್ಲ. ಬೆಲ್ಲ ಬಿದ್ಮೇಲೆ ಬೇಳೆ ಮುಂದಕ್ಕೆ ಬೇಯಲ್ಲ. ಒಂದೂಕಾಲು ಕಪ್ ಬೆಲ್ಲಾನ ನೀರಲ್ಲಿ ಕರಗಿಸಿ, ಸೋಸಿ, ಹಾಕಿ ಐದು ನಿಮಿಷ ಕುದಿಸಿ, ರುಬ್ಬಿದ ಕಾಯಿ ಹಾಕಿ ಇನ್ನೊಂದು ಕುದಿ. ಒಲೆ ಆಫ್. ಏಲಕ್ಕಿ, ತುಪ್ಪದಲ್ಲಿ ಹುರಿದ ಗೋಡಂಬಿ ದ್ರಾಕ್ಷಿ. ಕಾದಾರಿದ ಹಾಲು ಒಂದು ಕಪ್ ಹಾಕೋದು ಪಾಯಸ ಬೆಚ್ಚಗಾದ್ಮೇಲೆ, ಬೆಲ್ಲ ಕುದೀತಿರೋವಾಗ ಹಾಲು ಹಾಕಿದ್ರೆ ಒಡೆಯೋ ಚಾನ್ಸ್ ಜಾಸ್ತಿ. ಈಗ ತೆಳ್ಳಗಿದೆ ಅನ್ಸಿದ್ರೆ ಸರಿಯಾಗಿದೆ ಅಂತ, 1 ಗಂಟೆಗೆ ತಾನೇ ಗಟ್ಟಿಯಾಗಿರುತ್ತೆ.

ಹುಳಿ. ಹೋಳನ್ನ ಬರೀ ನೀರಲ್ಲಿ ಉಪ್ಪು ಹಾಕಿ ಮುಕ್ಕಾಲು ಭಾಗ ಬೇಯಿಸಿ, ಆಮೇಲೆ ಗಟ್ಟಿ ಹುಣಸೆರಸ. ಈ ಒಂದು ಜಾಗದಲ್ಲಿ ಎಡವೋರು ಲೆಕ್ಕ ಇಲ್ಲ. ಹುಳಿ ಅಂಶ ಮೊದಲೇ ಸೇರಿದ್ರೆ ತರಕಾರಿ ಗಟ್ಟಿಯಾಗಿ ಕೂತ್ಬಿಡುತ್ತೆ, ನುಗ್ಗೆಕಾಯಿ ಮರದ ಹಾಗೆ, ಸೀಮೆಬದನೆ ಕಚಕಚ. ಹುಣಸೆ ಹಸಿ ವಾಸನೆ ಹೋದ್ಮೇಲೆ ರುಬ್ಬಿದ್ದು, ಬೇಳೆ, ಚೂರು ಬೆಲ್ಲ. ಕಾಯಿ ಬಿದ್ಮೇಲೆ ತಳ ಹಿಡಿಯುತ್ತೆ, ತಿರುಗಿಸ್ತಿರಿ. ಸೌಟಲ್ಲಿ ಎತ್ತಿ ಸುರಿದ್ರೆ ನೀರು ಬೇರೆ ಬೇಳೆ ಬೇರೆ ಆಗಿ ಬೀಳ್ತಿದ್ರೆ ಇನ್ನೂ ಕುದೀಬೇಕು. ಪೂರ್ತಿ ಒಂದಾದ್ಮೇಲೆ ಸಾಸಿವೆ, ಇಂಗು, ಕರಿಬೇವು.

ಸಾರು. ತೆಳು ಹುಣಸೆರಸ, ಟೊಮ್ಯಾಟೊ, ಉಪ್ಪು, ಅಡಿಕೆಯಷ್ಟು ಬೆಲ್ಲ ಹಾಕಿ ಮೊದಲು ಚೆನ್ನಾಗಿ ಕುದಿಸಿ. ಸಾರಿನಪುಡಿ ಎರಡು ದೊಡ್ಡ ಚಮಚ, ಕಟ್ಟು ಆಮೇಲೆ. ಕಟ್ಟು ಹಾಕಿದ್ಮೇಲೆ ಪಾತ್ರೆ ಬಿಟ್ಟು ಕದಲಬೇಡಿ: ಅಂಚಿಂದ ನೊರೆ ಮಧ್ಯಕ್ಕೆ ಬಂದು ಉಬ್ಬಿ ಮೇಲೇಳುತ್ತೆ, ಆಗ ಆಫ್. ಕೊತಕೊತ ಕುದಿಸ್ತಾ ಇದ್ರೆ ಘಮ ಅಡುಗೆಮನೇಲೇ ಉಳಿಯುತ್ತೆ, ಸಾರಲ್ಲಿ ಇರಲ್ಲ. ತುಪ್ಪದ ಒಗ್ಗರಣೆ ಹಾಕಿದ ತಕ್ಷಣ ಮುಚ್ಚಳ ಮುಚ್ಚಿ.

## 8. 11:30ರಿಂದ 12:15: ಪಲ್ಯ, ಚಿತ್ರಾನ್ನ, ಅರ್ಧ ಮಜ್ಜಿಗೆ ಹುಳಿ

ಕೋಸಂಬರಿ ಹೆಸರುಬೇಳೆ ಈಗ ನೆನೆಹಾಕಿ, ಒಂದು ಗಂಟೆ ಸಾಕು.

ಹುರುಳಿಕಾಯಿ ಕುದಿಯೋ ನೀರಿಗೆ ಹಾಕಿ, ಮುಚ್ಚಳ ಮುಚ್ದೇ ಬೇಯಿಸಿ, ಹಸಿರು ಉಳಿಯುತ್ತೆ. ಬಸಿದು ಒಗ್ಗರಣೆಗೆ ಹಾಕಿ, ಕಾಯಿತುರಿ ಉದುರಿಸಿ. ಅಷ್ಟೇ.

ಚಿತ್ರಾನ್ನದ ಅನ್ನ ಉದುರಾಗಿರ್ಬೇಕು, ಒಂದು ಕಪ್ ಸೋನಾ ಮಸೂರಿಗೆ ಒಂದೂಮುಕ್ಕಾಲು ನೀರು. ಬೆಂದ ತಕ್ಷಣ ಅಗಲ ತಟ್ಟೇಲಿ ಹರಡಿ ಎರಡು ಚಮಚ ಎಣ್ಣೆ ಹಾಕಿ ಆರಿಸಿ, ಬಿಸೀಲಿ ಕಲಸಿದ್ರೆ ಮುದ್ದೆ. ಕಡ್ಲೆಕಾಯಿಬೀಜ ಮೊದಲು ಹುರಿದು ತೆಗೆದಿಟ್ಟು ಕೊನೇಗೆ ಸೇರಿಸಿ. ನಿಂಬೆರಸ ಒಲೆ ಆರಿಸಿ ಒಗ್ಗರಣೆ ಸ್ವಲ್ಪ ತಣ್ಣಗಾದ್ಮೇಲೆ, ಬಿಸಿ ಬಾಣಲೆಗೆ ಹಿಂಡಿದ್ರೆ ಕಹಿ ಬರುತ್ತೆ.

ಬೂದುಗುಂಬಳದ ಹೋಳು ಬೇಯಿಸಿ, ರುಬ್ಬಿದ ಹಸಿರು ಮಸಾಲೆ ಹಾಕಿ, ಬೇಳೆ ಹಸಿ ವಾಸನೆ ಹೋಗೋ ತನಕ ಎಂಟು ಹತ್ತು ನಿಮಿಷ ಕುದಿಸಿ ನಿಲ್ಲಿಸಿಬಿಡಿ. ಮೊಸರು ಈಗ ಹಾಕ್ಬೇಡಿ.

## 9. 12:15ರಿಂದ 1: ಕಾಯದೇ ಇರೋ ಅಡುಗೆ

ಅನ್ನದ ಕುಕ್ಕರ್ 12:20ಕ್ಕೆ ಹಚ್ಚಿ. ಫೋನಲ್ಲಿ ಅಲಾರಂ ಇಟ್ರೂ ತಪ್ಪಿಲ್ಲ.

ಕರಿಯೋ ಎಣ್ಣೆ ಕಾಯಕ್ಕಿಟ್ಟು ಸಂಡಿಗೆ ಚೂರು ಹಾಕಿ ನೋಡಿ, ತಕ್ಷಣ ಮೇಲೆ ಬಂದು ಅರಳಿದ್ರೆ ಹದ. ತಳದಲ್ಲೇ ಕೂತ್ರೆ ಎಣ್ಣೆ ಕುಡೀತಿದೆ ಅಂತ. ಹೊಗೆ ಬರ್ತಿದ್ರೆ ಮೊದಲು ಉರಿ ಕಮ್ಮಿ ಮಾಡಿ. ಸಂಡಿಗೆ, ಹಪ್ಪಳ ಮೊದಲು ಕರಿದು ಆರಿದ್ಮೇಲೆ ಡಬ್ಬಿಗೆ ಹಾಕಿ, ಬಿಸೀಲೇ ಮುಚ್ಚಿದ್ರೆ ಬೆವೆತು ಮೆತ್ತಗಾಗುತ್ತೆ.

ಆಮೇಲೆ ಅದೇ ಎಣ್ಣೇಲಿ ಆಂಬೊಡೆ. ಕಡ್ಲೆಬೇಳೆ ಕಾಲು ಗಂಟೆ ಮುಂಚೆ ಜರಡೀಲಿ ಬಸಿದಿರ್ಬೇಕು. ಒಂದು ಹಿಡಿ ತೆಗೆದಿಟ್ಟು ಉಳಿದಿದ್ದು ಹಸಿಮೆಣಸಿನಕಾಯಿ, ಶುಂಠಿ, ಇಂಗು ಹಾಕಿ ಒಂದು ಹನಿನೂ ನೀರಿಲ್ದೇ ತರಿತರಿಯಾಗಿ ರುಬ್ಬಿ. ಮಿಕ್ಸಿ ತಿರುಗ್ತಿಲ್ಲ ಅಂತ ನೀರು ಹಾಕ್ಬೇಡಿ, ನಿಲ್ಲಿಸಿ ನಿಲ್ಲಿಸಿ, ಚಮಚದಲ್ಲಿ ಕೆದಕಿ ಮತ್ತೆ ತಿರುಗಿಸಿ. ಇಡೀ ಬೇಳೆ, ಸಬ್ಬಸಿಗೆ ಸೊಪ್ಪು ಸೇರಿಸಿ, ಉಪ್ಪು ಮಾತ್ರ ತಟ್ಟೋಕೆ ಮುಂಚೆ. ಮೊದಲು ಒಂದೇ ಒಂದು ಹಾಕಿ ನೋಡಿ. ಎಣ್ಣೇಲಿ ಬಿಚ್ಕೊಂಡ್ರೆ ಒಂದೋ ತೀರಾ ತರಿ ಇದೆ, ಒಂದೋ ನೀರು ಜಾಸ್ತಿ: ತರಿ ಇದ್ರೆ ಅರ್ಧ ಹಿಟ್ಟು ಇನ್ನೊಂದು ಸುತ್ತು ರುಬ್ಬಿ, ನೀರಿದ್ರೆ ಎರಡು ಚಮಚ ಅಕ್ಕಿ ಹಿಟ್ಟು. ಮಧ್ಯಮ ಉರಿ, ದೊಡ್ಡ ಉರೀಲಿ ಹೊರಗೆ ಕೆಂಪು ಒಳಗೆ ಹಸಿ. ಹಾಕಿದ ತಕ್ಷಣ ತಿರುವಕ್ಕೆ ಹೋಗ್ಬೇಡಿ, ಕೆಳಭಾಗ ಗಟ್ಟಿಯಾಗೋ ತನಕ ಬಿಡಿ. ಗುಳ್ಳೆ ಕಮ್ಮಿಯಾಗಿ ಸದ್ದು ಇಳಿದ್ರೆ ಬೆಂದಿದೆ.

12:45ಕ್ಕೆ ಮಜ್ಜಿಗೆ ಹುಳಿ ಸಣ್ಣ ಉರೀಲಿ ಬೆಚ್ಚಗೆ ಮಾಡಿ, ಕಡೆದ ಮೊಸರು ಸುರಿದು ತಿರುಗಿಸ್ತಾನೇ ಇರಿ. ಅಂಚಲ್ಲಿ ಸಣ್ಣ ನೊರೆ ಕಂಡ ತಕ್ಷಣ ಕೆಳಗಿಳಿಸಿ. ಅಂಚಲ್ಲಿ ಬಿಳಿ ಸಣ್ಣ ಕಾಳು ಕಂಡ್ರೆ ಒಡೆಯೋಕೆ ಶುರುವಾಗಿದೆ, ಆ ಸೆಕೆಂಡೇ ಒಲೆಯಿಂದ ತೆಗೀರಿ, ಪೂರ್ತಿ ಒಡೆದ್ಮೇಲೆ ಸರಿ ಮಾಡೋ ಉಪಾಯ ಇಲ್ಲ. ಫ್ರಿಜ್ಜಿನ ತಣ್ಣನೆ ಮೊಸರನ್ನ ಕುದಿಯೋ ಪಾತ್ರೆಗೆ ಹಾಕೋದು, ಕಡ್ಲೆಬೇಳೆ ಕಮ್ಮಿ ಹಾಕೋದು, ಇವೆರಡರಿಂದಲೇ ಬಹಳಷ್ಟು ಸಲ ಒಡೆಯೋದು.

ಎಲ್ಲಾ ಆದ್ಮೇಲೆ ಕೋಸಂಬರಿ. ಸೌತೆಕಾಯಿ ತುದಿ ಕಚ್ಚಿ ಕಹಿ ನೋಡಿ ಹೆಚ್ಚಿ, ಬಸಿದ ಬೇಳೆ, ಕಾಯಿ, ಒಗ್ಗರಣೆ ಸೇರಿಸಿಡಿ. ಉಪ್ಪು, ನಿಂಬೆರಸ ಬಡಿಸೋ ಐದು ನಿಮಿಷ ಮುಂಚೆ.

## 10. ಎಲೆ ಹಾಕೋದು, ಬಡಿಸೋದು

ಎಲೆ ಎರಡೂ ಕಡೆ ಒರೆಸಿ. ಮಡಿಸಿದ ಕಡೆ ಸೀಳ್ತಾ ಇದ್ರೆ ಉರಿ ಮೇಲೆ ದೂರದಿಂದ ಒಂದ್ಸಲ ಆಡಿಸಿ, ಮೆತ್ತಗಾಗುತ್ತೆ. ಹೊರದೇಶದಲ್ಲಿ ಫ್ರೋಜನ್ ಎಲೆ ಸಿಗೋರಿಗೂ ಇದೇ, ಆದ್ರೆ ಪೂರ್ತಿ ಕರಗಿದ್ಮೇಲೇ ಬಿಡಿಸಿ. ತುದಿ ಕೂತವರ ಎಡಗಡೆಗೆ.

ನಮ್ಮ ಕಡೆ ಎಡ ಮೇಲಿಂದ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಗೊಜ್ಜು, ಬಲಗಡೆ ಕೆಳ ಮೂಲೇಲಿ ಒಂದು ಚಮಚ ಪಾಯಸ. ಆಮೇಲೆ ಚಿತ್ರಾನ್ನ, ಆಂಬೊಡೆ, ಹಪ್ಪಳ, ಅನ್ನ, ತೊವ್ವೆ, ತುಪ್ಪ. ತುಪ್ಪ ಬಿದ್ಮೇಲೆ ಊಟ ಶುರು. ಮುಂದೆ ಹುಳಿ, ಸಾರು, ಪಾಯಸ, ಮಜ್ಜಿಗೆ ಹುಳಿ, ಮೊಸರು, ಮನೆ ಮನೆಗೆ ಇಲ್ಲಿ ಸ್ವಲ್ಪ ಆಚೀಚೆ ಆಗುತ್ತೆ, ಅತ್ತೆ ಏನಾದ್ರೂ ಬೇರೆ ಹೇಳಿದ್ರೆ ಅವರು ಹೇಳಿದ್ದೇ ಸರಿ. ಅಡುಗೆ ಮಾಡಿದವರೇ ಬಡಿಸೋಕೂ ನಿಲ್ಬೇಡಿ, ಒಬ್ರನ್ನ ಮೊದಲೇ ಹೇಳಿ ಒಪ್ಪಿಸಿಡಿ, ಮೊದಲನೇ ಸುತ್ತಿಗೆ ಚಿಕ್ಕ ಸೌಟು ಕೊಡಿ.

ಉಳಿದಿದ್ದರಲ್ಲಿ ಕೋಸಂಬರಿ ಇಡೋ ಹಾಗಿಲ್ಲ, ಅಲ್ಲೇ ಖಾಲಿ ಮಾಡ್ಸಿ. ಹುಳಿ, ಸಾರು ರಾತ್ರಿಗೆ ಕುದಿಸ್ಕೋಬಹುದು, ಮಜ್ಜಿಗೆ ಹುಳಿ ಬರೀ ಬೆಚ್ಚಗೆ. ಆಂಬೊಡೆ ನಾಲ್ಕೈದು ಮಿಕ್ಕಿದ್ರೆ ಬಿಸಿನೀರಲ್ಲಿ ಒಂದ್ಸಲ ಅದ್ದಿ ಹಿಂಡಿ ಆ ಮಜ್ಜಿಗೆ ಹುಳಿಗೇ ಹಾಕಿಡಿ, ರಾತ್ರಿ ಊಟಕ್ಕೆ ಬೇರೇನೂ ಮಾಡೋದು ಬೇಡ.